ದಿನಕ್ಕೊಂದು ಪಟ್ಟಾಭಿಷೇಕ

ಡೇಟಾಬೇಸ್ ಸರ್ವರ್ ಕೆಡುವುದಕ್ಕೂ ಮುಹೂರ್ತ ನೋಡುತ್ತದೆ. ನಾನು ಗಾಢ ನಿದ್ರೆಗೆ ಜಾರಿದ ಮೇಲೆಯೇ ಆ ಮುಹೂರ್ತ ಕೂಡಿಬರುತ್ತದೆ. ಮೊಬೈಲ್ ಬಡಿದುಕೊಂಡಾಗ ಒಂದೇ ಕಣ್ಣು ತೆರೆದು, ಲ್ಯಾಪ್‌ಟಾಪ್ ಎಳೆದುಕೊಂಡು, ಅದರ ನಕಲು ಇಟ್ಟುಕೊಂಡು ಕಾಯುವ ಸ್ಟ್ಯಾಂಡ್‌ಬೈ ಸರ್ವರ್‌ಗೆ ‘ಇನ್ನು ನೀನೇ ಪ್ರೈಮರಿ, ಬರೆದುಕೊಳ್ಳುವವನು ನೀನೇ’ ಎಂದು ಆದೇಶ ಕೊಟ್ಟು ಮತ್ತೆ ಹೊದ್ದುಕೊಳ್ಳುತ್ತಿದ್ದೆ. ಇಷ್ಟಕ್ಕೆ ಮನುಷ್ಯನೇಕೆ ಬೇಕು ಎಂದುಕೊಂಡು, ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್‌ಗೆ ಪ್ಯಾಟ್ರೋನಿ ಎಂಬ ಮೇಲ್ವಿಚಾರಕ ತಂತ್ರಾಂಶ ಜೋಡಿಸಿ, ಫೇಲ್‌ಓವರ್ ಎಂಬ ಈ ಪಟ್ಟ ಬದಲಾವಣೆ ತಾನಾಗಿಯೇ ನಡೆಯುವಂತೆ ಮಾಡಲು ಹೊರಟೆ.

ಪ್ಯಾಟ್ರೋನಿಯ ರಾಜ್ಯದಲ್ಲಿ ಪಟ್ಟ ಯಾರಿಗೂ ಕಾಯಂ ಅಲ್ಲ. ಪ್ರೈಮರಿಯಾದವನು ಎಟ್‌ಸಿಡಿ ಎಂಬ ದಫ್ತರದಲ್ಲಿ 10 ಸೆಕೆಂಡಿಗೊಮ್ಮೆ ‘ಬದುಕಿದ್ದೇನೆ’ ಎಂದು ರುಜು ಹಾಕುತ್ತಿರಬೇಕು. 30 ಸೆಕೆಂಡು ರುಜು ಬೀಳದಿದ್ದರೆ ಪಟ್ಟ ಖಾಲಿ. ನಮ್ಮ ಕಚೇರಿಯ ಹಾಜರಿ ಪುಸ್ತಕಕ್ಕೂ ಇಷ್ಟು ಖಡಕ್ ನಿಯಮವಿಲ್ಲ.

ಇದ್ದದ್ದು ಎರಡು ಯಂತ್ರ. ಎರಡರಲ್ಲೂ ಪೋಸ್ಟ್‌ಗ್ರೆಸ್, ಎರಡರಲ್ಲೂ ಎಟ್‌ಸಿಡಿ. ಪರೀಕ್ಷೆಗೆಂದು, ಅಪಾಯ ಬೇಡವೆಂದು, ಸ್ಟ್ಯಾಂಡ್‌ಬೈ ಯಂತ್ರವನ್ನು ಆಫ್ ಮಾಡಿದೆ. ಅರ್ಧ ನಿಮಿಷದೊಳಗೆ ಕಲ್ಲುಗುಂಡಿನಂತಿದ್ದ ಪ್ರೈಮರಿಯೂ ಪಟ್ಟ ತ್ಯಜಿಸಿ, ಏನನ್ನೂ ಬರೆದುಕೊಳ್ಳುವುದಿಲ್ಲವೆಂದು ಕುಳಿತುಬಿಟ್ಟಿತು. ಸಹಗಮನ! ಆಮೇಲೆ ಹೊಳೆಯಿತು: ಎಟ್‌ಸಿಡಿಗಳ ಸಭೆ ರುಜು ಒಪ್ಪುವುದು ಬಹುಮತವಿದ್ದರೆ ಮಾತ್ರ, ಇಬ್ಬರ ಸಭೆಯಲ್ಲಿ ಬಹುಮತವೆಂದರೆ ಇಬ್ಬರೂ. ಒಬ್ಬನೇ ಉಳಿದವನಿಗೆ, ಇನ್ನೊಬ್ಬ ಸತ್ತನೋ ನಡುವಿನ ಕೇಬಲ್ ಸತ್ತಿತೋ ತಿಳಿಯುವುದಿಲ್ಲ. ತಾನೇ ರಾಜನೆಂದು ಇಬ್ಬರೂ ಬರೆದುಕೊಳ್ಳತೊಡಗಿದರೆ ಬೆಳಗ್ಗೆ ಎರಡು ಲೆಕ್ಕ ಇರುತ್ತವೆ, ಎರಡೂ ನಿಜ. ಅವನ್ನು ಕೂಡಿಸುವುದು ಹರಿದ ಬಟ್ಟೆಯನ್ನು ಹೊಲಿಯುವಂಥದ್ದಲ್ಲ, ಯಾರದೋ ಎರಡು ಅಂಗಿಗಳನ್ನು ಒಂದು ಮಾಡುವಂಥದ್ದು. ಹಾಗಾಗಿ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಯಂತ್ರವೊಂದನ್ನು ಒರೆಸಿ, ಬರೀ ಎಟ್‌ಸಿಡಿ ಹಾಕಿ ಮೂರನೆಯ ಮತದಾರನನ್ನಾಗಿ ಕೂರಿಸಿದೆ. ಡೇಟಾ ಇಲ್ಲ, ಕೆಲಸವಿಲ್ಲ, ಕೈ ಎತ್ತುವುದಷ್ಟೇ. ಇಡೀ ಕ್ಲಸ್ಟರಿನಲ್ಲಿ ಇವತ್ತಿನವರೆಗೆ ನನಗೆ ತೊಂದರೆ ಕೊಡದವನು ಅವನೊಬ್ಬನೇ.

ಅಷ್ಟಕ್ಕೆ ಸುಮ್ಮನಿರಬೇಕಿತ್ತು. 30 ಸೆಕೆಂಡು ತುಂಬಾ ಆಯಿತೆನ್ನಿಸಿ 20ಕ್ಕೆ ಇಳಿಸಿದೆ, ಅದಕ್ಕೆ ಹೊಂದಿಕೊಂಡ ಉಳಿದ ಅಂಕಿಗಳನ್ನೂ ಕತ್ತರಿಸಿದೆ. ರಾತ್ರಿ ಎರಡಕ್ಕೆ ಬ್ಯಾಕಪ್ ಶುರುವಾಯಿತು. ಡಿಸ್ಕ್ ಏದುಸಿರು ಬಿಡುವಾಗ ರುಜು ಹಾಕಲು ಪ್ರೈಮರಿಗೆ ತಡವಾಯಿತು, ಪಟ್ಟ ಹೋಯಿತು. ಬ್ಯಾಕಪ್ಪನ್ನು ಯಾರು ಪ್ರೈಮರಿಯೋ ಅವನ ಮೇಲೆಯೇ ನಡೆಸುವಂತೆ ಬರೆದಿದ್ದ ಜಾಣ ನಾನೇ. ಮರುದಿನ ರಾತ್ರಿ ಹೊಸ ರಾಜನ ಸರದಿ, ಪಟ್ಟ ಹಳಬನಿಗೆ ವಾಪಸು. ಒಂದು ವಾರ ಹೀಗೆ ದಿನಕ್ಕೊಬ್ಬ ರಾಜ ಆಳಿದ. ಪ್ರತಿ ಬಾರಿಯೂ ಫೇಲ್‌ಓವರ್ ಚೊಕ್ಕವಾಗಿಯೇ ನಡೆಯಿತು, ಅದಕ್ಕೇ ಅದು ಕೆಟ್ಟಿದೆಯೆಂದು ಗೊತ್ತಾಗಲು ಒಂದು ವಾರ ಹಿಡಿಯಿತು. 20 ಮತ್ತೆ 30 ಆಯಿತು.

ಕೊನೆಗೆ ಮೇಲಧಿಕಾರಿಯ ಮುಂದೆ ಪ್ರದರ್ಶನ. ಪ್ರೈಮರಿಯ ವಿದ್ಯುತ್ ಕೇಬಲನ್ನೇ ಎಳೆದೆ. ಪರದೆಯ ಮೇಲೆ ‘ಲೀಡರ್’ ಎಂಬ ಪದ ಇನ್ನೂ ಮೇಲಿನ ಸಾಲಿನಲ್ಲೇ ಕುಳಿತಿತ್ತು. ಇಪ್ಪತ್ತು ಎಣಿಸಿದೆ, ಮೂವತ್ತು ಎಣಿಸಿದೆ, ಗಂಟಲು ಒಣಗಿತು, ಅದು ಅಲ್ಲಿಂದ ಮಾಯವಾಗಿ ಕೆಳಗಿನ ಸಾಲಿನಲ್ಲಿ ಮೂಡಿತು. ನಾನು ಎದೆಯುಬ್ಬಿಸಿ ತಿರುಗುವಷ್ಟರಲ್ಲಿ ಪಕ್ಕದ ಮೇಜಿನಿಂದ ದನಿ ಬಂತು: “ಸರ್, ವರದಿ ತೆಗೆಯುವ ಪ್ರೋಗ್ರಾಂ ನಿಂತಿದೆ.” ಹೋಗಿ ನೋಡಿದರೆ ಅದರಲ್ಲಿ ಹಳೆಯ ಪ್ರೈಮರಿಯ ಐಪಿ ವಿಳಾಸವನ್ನು ನೇರವಾಗಿ ಬರೆಯಲಾಗಿತ್ತು. ಪಕ್ಕದಲ್ಲಿ ಒಂದು ಟಿಪ್ಪಣಿ: ‘ತಾತ್ಕಾಲಿಕ, ಆಮೇಲೆ ಬದಲಿಸಬೇಕು.’ ಬರೆದವನ ಹೆಸರೂ ಇತ್ತು. ಅದನ್ನು ಇಲ್ಲಿ ಹೇಳುವ ಅಗತ್ಯ ನನಗೆ ಕಾಣುತ್ತಿಲ್ಲ.

ಮುಂದಿನ ತಿಂಗಳು ಒಂದು ರಾತ್ರಿ ಪ್ರೈಮರಿ ನಿಜವಾಗಿಯೂ ಸತ್ತಿತು. ಸ್ಟ್ಯಾಂಡ್‌ಬೈ ಪಟ್ಟವೇರಿತು, ವರದಿ ಪ್ರೋಗ್ರಾಂ ಕೂಡ ನಿಲ್ಲಲಿಲ್ಲ. ಇದೆಲ್ಲ ನನಗೆ ಗೊತ್ತಾದದ್ದು ಮೊಬೈಲ್ ಬಡಿದುಕೊಂಡು ಎಬ್ಬಿಸಿದ್ದರಿಂದ. ಒಂದು ಕಣ್ಣು ತೆರೆದು ನೋಡಿದೆ. ನಾನೇ ಬರೆದಿಟ್ಟಿದ್ದ ಸಂದೇಶ: ‘ಫೇಲ್‌ಓವರ್ ಯಶಸ್ವಿ. ನೀವು ಏಳಬೇಕಾಗಿಲ್ಲ.’

ನಿಜವೇ ಎಂದು ನೋಡಲು ಎದ್ದೆ.