ರೇಸ್ ಕುದುರೆಯ ಮಡಿ ಪುರಾಣ

ಋಷಿಮೂಲ, ನದಿಮೂಲ ಕೆದಕಬಾರದು ಎಂದರು ನಮ್ಮ ಹಿರಿಯರು. ಇಂಗ್ಲೆಂಡಿನ ಲಾರ್ಡುಗಳು ಆ ಪಟ್ಟಿಗೆ ಕುದುರೆಮೂಲವನ್ನೂ ಸೇರಿಸಿದರು. ಪರರ ಕುದುರೆಯಾದರೆ ಮುತ್ತಜ್ಜಿಯ ಮುತ್ತಜ್ಜಿಯವರೆಗೂ ಕೆದಕಬಹುದು. ಅವರ ಲಾಯದ್ದನ್ನು ಮಾತ್ರ ಕೇಳುವಂತಿಲ್ಲ.

ಕೇಳಿದರೆ ಪಜೀತಿ. ಇವತ್ತು ಜಗತ್ತಿನಲ್ಲಿ ಓಡುವ ಥರೋಬ್ರೆಡ್ ಎಂಬ ರೇಸ್ ತಳಿಯ ಕುದುರೆಗಳೆಲ್ಲ, ನಮ್ಮ ಕುಣಿಗಲ್ ಸ್ಟಡ್ ಫಾರ್ಮಿನಲ್ಲಿ ಹುಟ್ಟಿದವೂ ಸೇರಿ, ಅಪ್ಪನ ಕಡೆಯಿಂದ ಲೆಕ್ಕ ಹಾಕಿದರೆ ಮೂರೇ ಮೂರು ಕುದುರೆಗಳ ಸಂತಾನ. ಮೂರೂ ಪರದೇಶದವು, ಮೂರರ ಅಪ್ಪನ ಹೆಸರೂ ಯಾವ ದಫ್ತರದಲ್ಲೂ ಇಲ್ಲ. ಒಂದು 1689ರ ಸುಮಾರಿಗೆ ಕ್ಯಾಪ್ಟನ್ ಬೈಯರ್ಲಿಯನ್ನು ಹೊತ್ತು ಐರ್ಲೆಂಡಿನ ಯುದ್ಧಕ್ಕೆ ಹೋದದ್ದು; ತುರ್ಕರಿಂದ ಕಿತ್ತುಕೊಂಡ ಮಾಲು ಅಂತ ಪ್ರತೀತಿ. ಇನ್ನೊಂದನ್ನು 1704ರಲ್ಲಿ ಥಾಮಸ್ ಡಾರ್ಲಿ ಎಂಬಾತ ಅಲೆಪ್ಪೊದಿಂದ ಯಾರ್ಕ್‌ಶೈರಿನ ಮನೆಗೆ ಸಾಗಿಸಿದ. ಮಾರುತ್ತೇನೆಂದ ಶೇಖ್ ಕೊನೇ ಗಳಿಗೆಯಲ್ಲಿ ಒಲ್ಲೆನೆಂದ, ಆಮೇಲೆ ಕುದುರೆ ಅದು ಹೇಗೋ ಹಡಗಿನಲ್ಲಿತ್ತು ಎಂದು ಕತೆ ಹೇಳುತ್ತಾರೆ. ಕುದುರೆಗಳ್ಳ ಎಂಬ ಮಾತು ಬಡವರಿಗಷ್ಟೇ ಅನ್ವಯಿಸುವುದರಿಂದ ಆ ವಿಷಯ ಅಲ್ಲಿಗೇ ಮುಗಿಯಿತು.

ಮೂರನೆಯದರ ಕತೆ ಸೊಗಸು. ಟ್ಯುನಿಸ್ ಕಡೆಯಿಂದ ಫ್ರಾನ್ಸಿಗೆ ಬಂದು, ಪ್ಯಾರಿಸ್ ಬೀದಿಯಲ್ಲಿ ನೀರಿನ ಗಾಡಿ ಎಳೆಯುತ್ತಿತ್ತಂತೆ. ಇಂಗ್ಲೆಂಡಿಗೆ ಬಂದ ಮೇಲೆ ಅಲ್ಲಿಯ ಲಾಯದಲ್ಲಿ ಅದಕ್ಕೆ ಕೊಟ್ಟ ಕೆಲಸ, ಹೆಣ್ಣು ಕುದುರೆಗೆ ಮನಸ್ಸು ಬಂದಿದೆಯೋ ಇಲ್ಲವೋ ಎಂದು ಪರೀಕ್ಷಿಸುವುದು. ಮನಸ್ಸು ಬಂದಿದೆ ಎಂದು ಖಾತ್ರಿಯಾದ ಕೂಡಲೇ ಇದನ್ನು ಆಚೆಗೆಳೆದು ಹಾಬ್‌ಗಾಬ್ಲಿನ್ ಎಂಬ ಕುಲೀನ ಗಂಡನ್ನು ಒಳಗೆ ಬಿಡುತ್ತಿದ್ದರು. ಒಂದು ದಿನ ರೊಕ್ಸಾನಾ ಎಂಬ ಕುದುರೆಯನ್ನು ಕಂಡು ಕುಲೀನರು ಮುಖ ತಿರುಗಿಸಿದರಂತೆ. ಪರೀಕ್ಷಕನಿಗೇ ಅವಕಾಶ ಸಿಕ್ಕಿತು. ಹುಟ್ಟಿದ ಲಾತ್ ಎಂಬ ಮರಿ ರೇಸಿನಲ್ಲಿ ಎಲ್ಲರನ್ನೂ ಬೆರಗಾಗಿಸಿತು. ಅಲ್ಲಿಂದ ಗಾಡಿ ಕುದುರೆಗೆ, ಕೊನೆಗೆ ಅದನ್ನು ಕೊಂಡ ಲಾರ್ಡ್ ಗೊಡಾಲ್ಫಿನ್ ಮನೆಯಲ್ಲಿ, ರಾಜಮರ್ಯಾದೆ. 1753ರಲ್ಲಿ ಸತ್ತಾಗ ಕೇಂಬ್ರಿಡ್ಜ್ ಹತ್ತಿರದ ವಾಂಡಲ್‌ಬರಿಯಲ್ಲಿ ಗೋರಿ ಕಟ್ಟಿಸಿದರು. ಕಲ್ಲು ಈಗಲೂ ಇದೆ.

ಇವುಗಳಿಗೆ ಊರಲ್ಲಿ ಯಾವ ಹೆಸರಿತ್ತೋ, ಇಲ್ಲಿ ಯಜಮಾನರ ಹೆಸರೇ ಗತಿ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಇನ್ನು ಹೆತ್ತ ತಾಯಂದಿರ ಪಾಡಂತೂ ಕೇಳಬೇಡಿ. ಅರಬ್ ಬೆದೂಯಿನರು ಕುದುರೆಯ ವಂಶವನ್ನು ತಾಯಿಯಿಂದ ಎಣಿಸಿದರೆ, ಇಂಗ್ಲಿಷರ ಪುಸ್ತಕದಲ್ಲಿ ಎಷ್ಟೋ ತಾಯಂದಿರು ಬರೀ ‘ಇಂಥವನ ಮಗಳು’. 2012ರಲ್ಲಿ ವಿಜ್ಞಾನಿಗಳು ಅಡ್ಡಗಾಲು ಹಾಕಿದರು. ಕಡಿಮೆ ದೂರದ ಓಟಕ್ಕೆ ವೇಗ ಕೊಡುವ ಜೀನ್ ಬಂದದ್ದು ಬಹುಶಃ ಬ್ರಿಟನ್ನಿನದೇ ಒಂದು ಹೆಣ್ಣು ಕುದುರೆಯಿಂದ ಎಂದುಬಿಟ್ಟರು. ಮುನ್ನೂರು ವರ್ಷ ಮನೆಯ ಹೆಣ್ಣುಮಗಳನ್ನು ಬಿಟ್ಟು ಹೊರಗಿನ ಅಳಿಯನಿಗೆ ಆರತಿ ಎತ್ತಿದಂತಾಯಿತು.

ಅದಿರಲಿ. ಹೀಗೆ ಕೂಡಿದ ಸಂಸಾರಕ್ಕೆ 1791ರಲ್ಲಿ ವೆದರ್‌ಬಿ ಎಂಬವರು ವಂಶಾವಳಿ ಪುಸ್ತಕ ಬರೆದರು, ಜನರಲ್ ಸ್ಟಡ್ ಬುಕ್. ಬರೆದದ್ದೇ ತಡ, ಮಡಿ ಶುರುವಾಯಿತು. ಅಮೆರಿಕದಲ್ಲಿ ಜೂಜು ನಿಷೇಧವಾಗಿ ಅಲ್ಲಿಯ ಕುದುರೆಗಳು ಹಡಗಿನ ಮೇಲೆ ಹಡಗು ಬಂದಿಳಿದು ಇಂಗ್ಲೆಂಡಿನ ಮಾರುಕಟ್ಟೆ ಬೀಳುವ ಹೊತ್ತಿಗೆ ರೇಸ್ ವ್ಯವಹಾರ ನೋಡಿಕೊಳ್ಳುವ ಜಾಕಿ ಕ್ಲಬ್ಬಿನ ಮುಂದಾಳು ಲಾರ್ಡ್ ಜರ್ಸಿಗೆ ರಕ್ತಶುದ್ಧಿಯ ನೆನಪಾಯಿತು. 1913ರಲ್ಲಿ ಕಟ್ಟಳೆ ಬಂತು: ಎಲ್ಲ ಕಡೆಯಿಂದಲೂ ಹಳೆಯ ಪುಸ್ತಕದಲ್ಲಿರುವ ಕುದುರೆಗಳಿಗೇ ಹೋಗಿ ಮುಟ್ಟದಿದ್ದರೆ ಅದು ಕುಲಗೆಟ್ಟದ್ದು. ಗೆಲ್ಲುವ ಮರಿಗಳನ್ನು ಹುಟ್ಟಿಸುವುದರಲ್ಲಿ ಅಮೆರಿಕದಲ್ಲಿ 16 ವರ್ಷ ಅಗ್ರ ತಂದೆ ಎನಿಸಿಕೊಂಡ ಲೆಕ್ಸಿಂಗ್ಟನ್ ಎಂಬ ಕುದುರೆಯ ಸಂತತಿ ಬಹುಪಾಲು ಒಂದೇ ಏಟಿಗೆ ಹೊರಗೆ. ನೀರಿನ ಗಾಡಿಯವನ ಮರಿಮಕ್ಕಳು ಒಳಗೆ.

ಮಜಾ ಏನೆಂದರೆ, ಬಹಿಷ್ಕಾರ ಪುಸ್ತಕಕ್ಕಷ್ಟೇ. ಓಟಕ್ಕೆ ಅಡ್ಡಿಯಿಲ್ಲ. ತೇರು ಎಳೆಯಲು ಬಾ, ಗುಡಿಯೊಳಗೆ ಕಾಲಿಡಬೇಡ. ಮರುವರ್ಷವೇ, 1914ರಲ್ಲಿ, ತಾಯಿಯ ಕಡೆಯಿಂದ ಲೆಕ್ಸಿಂಗ್ಟನ್ ರಕ್ತವಿದ್ದ ಡರ್ಬಾರ್ ಎಂಬ ಕುದುರೆ ಇಂಗ್ಲೆಂಡಿನ ಮಹಾ ರೇಸಾದ ಎಪ್ಸಮ್ ಡರ್ಬಿಯನ್ನೇ ಹೊಡೆಯಿತು. ಕುಲವಂತರೆಲ್ಲ ಅದರ ಬಾಲ ನೋಡುತ್ತ ಓಡಿದರು. ಲಾರ್ಡುಗಳೇನು ಜಗ್ಗಲಿಲ್ಲ. 1948ರಲ್ಲಿ ಮೈ ಬಾಬು, ಬ್ಲ್ಯಾಕ್ ಟಾರ್ಕ್ವಿನ್ ಎಂಬ ಇನ್ನಿಬ್ಬರು ಮೈಲಿಗೆಯವರು ದೊಡ್ಡ ರೇಸುಗಳನ್ನು ಬಾಚಿಕೊಂಡ ಮೇಲಷ್ಟೇ, 1949ರಲ್ಲಿ ಕಟ್ಟಳೆ ಸಡಿಲಿಸಿದರು. ಆದರೂ ನೂರು ವರ್ಷದ ಶುದ್ಧ ವಂಶಾವಳಿ ತರಬೇಕಂತೆ. ಆ ಅರ್ಜಿ ಹಿಡಿದು ಡಾರ್ಲಿ ಅರೇಬಿಯನ್ನೇ ಬಂದು ನಿಂತಿದ್ದರೂ ಗುಮಾಸ್ತ ವಾಪಸ್ ಕಳಿಸುತ್ತಿದ್ದ.

ಈಗ ಚಕ್ರ ಪೂರ್ತಿ ತಿರುಗಿದೆ. ದುಬೈ ದೊರೆ ಶೇಖ್ ಮೊಹಮ್ಮದ್ ಇಂಗ್ಲೆಂಡಿನ ರೇಸ್ ಊರಾದ ನ್ಯೂಮಾರ್ಕೆಟ್ಟಿನಲ್ಲೇ ನೆಲೆ ಮಾಡಿ, ತಳಿ ಬೆಳೆಸುವ ಸಂಸ್ಥೆಗೆ ಡಾರ್ಲಿ, ರೇಸಿಗೆ ಓಡಿಸುವ ಲಾಯಕ್ಕೆ ಗೊಡಾಲ್ಫಿನ್ ಎಂದು ಹೆಸರಿಟ್ಟಿದ್ದಾರೆ. ಅರಬ್ ಕುದುರೆಗೆ ಅಂಟಿದ ಸಾಯೇಬರ ಹೆಸರು ಈಗ ಅರಬ್ ದೊರೆಯ ಫಲಕದಲ್ಲಿ. 1983ರಲ್ಲಿ ಅವರು ಹೋದದ್ದು ಎಲ್ಲಿಗೆ? ಒಂದು ಕಾಲಕ್ಕೆ ಮೈಲಿಗೆ ಎನ್ನಿಸಿಕೊಂಡ ಅಮೆರಿಕದ ಕೆಂಟಕಿಗೆ. ಮಹಾನ್ ನಾರ್ದರ್ನ್ ಡಾನ್ಸರ್‌ನ ಮಗ ಸ್ನಾಫಿ ಡಾನ್ಸರ್ ಎಂಬ ಒಂದು ವರ್ಷದ ಮರಿಗೆ 1 ಕೋಟಿ 2 ಲಕ್ಷ ಡಾಲರ್ ಎಣಿಸಿದರು. ಜಾತಕದಲ್ಲಿ ಒಂದು ಗ್ರಹವೂ ಆಚೀಚೆ ಇರಲಿಲ್ಲ. ಓಡಿಸಿ ನೋಡಿದರೆ ಎಷ್ಟು ನಿಧಾನವೆಂದರೆ, ಒಂದು ರೇಸಿಗೂ ಇಳಿಸಲಿಲ್ಲ. ಹೋಗಲಿ, ವಂಶವಾದರೂ ಬೆಳೆಯಲಿ ಎಂದು ಹೆಣ್ಣು ಕುದುರೆಗಳ ನಡುವೆ ಬಿಟ್ಟರು. ನಾಲ್ಕು ಮರಿ ಹುಟ್ಟುವಷ್ಟರಲ್ಲಿ ಅದೂ ಆಗುವುದಿಲ್ಲ ಎಂದು ಗೊತ್ತಾಯಿತು.