ಪಾಯಿಂಟು ಉಜ್ಜಿದ್ರೆ ಸಾಕು ಅಣ್ಣ

ಬಲಗೈಯ ಎರಡು ಬೆರಳಲ್ಲಿ ಬೊಬ್ಬೆ ಎದ್ದಿದೆ, ಎಡಗೈ ಒಂದರಲ್ಲೇ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಬಿಡಿ. ಒಲೆ ಮುಟ್ಟಿದ್ದಲ್ಲ. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಲು ಎಳೆಯುವ ಜೀಪಿನ ಚೋಕ್ ಗುಂಡಿ ಎಳೆದದ್ದು.

ನಮ್ಮದು 1944ರ ವಿಲ್ಲೀಸ್. ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದದ್ದನ್ನು ಅಜ್ಜ ಕಾಫಿ ತೋಟಕ್ಕೆ ಅಂತ ತಂದಿದ್ದರು. ಅಮೆರಿಕದ ಸೇನೆಯ ಲೆಕ್ಕದಲ್ಲಿ ಅದು ಕಾಲು ಟನ್ನಿನ ಟ್ರಕ್ಕಂತೆ. ಅದನ್ನು ಓದಿದ ದಿನದಿಂದ ನಾನೂ ‘ನಮ್ಮ ಟ್ರಕ್’ ಅನ್ನುತ್ತೇನೆ. ಮನೆಯಲ್ಲಿ ಉಳಿದವರು ‘ಆ ಗುಜರಿ’ ಅನ್ನುತ್ತಾರೆ.

ಒಂದೂವರೆ ವರ್ಷ ಕೂತು ಎಲ್ಲ ಬಿಚ್ಚಿ, ತುಕ್ಕು ಕೆರೆದು, ಚಾಸಿಗೂ ಇಂಜಿನ್ನಿಗೂ ಎರಡೆರಡು ಕೋಟ್ ಬಣ್ಣ ಹೊಡೆಸಿದೆ. ಮದುಮಗನ ಹಾಗೆ ಮಿಂಚಿತು. ಸ್ಟಾರ್ಟ್ ಮಾತ್ರ ಆಗಲಿಲ್ಲ. ಇದರ ಸೆಲ್ಫನ್ನು ಕಾಲಲ್ಲಿ ಒತ್ತಬೇಕು. ಒತ್ತಿದರೆ ತಿಥಿಯೂಟ ಜಾಸ್ತಿಯಾದವರ ಹಾಗೆ ‘ಊಂ’ ಅಂತ ನರಳಿ ಸುಮ್ಮನಾಗುತ್ತದೆ.

ನಮ್ಮ ಮೆಕ್ಯಾನಿಕ್ ಬಂದ. ಗಾಡಿಗೆ ಏನಾಗಿದೆ ಅಂತ ಕೇಳುವ ಮೊದಲೇ, ಪ್ಲಗ್ಗುಗಳಿಗೆ ಕಿಡಿಯ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಅವನ ಕೈಯಲ್ಲಿರುತ್ತದೆ. “ಪಾಯಿಂಟು ಕಪ್ಪಾಗಿದೆ, ಉಜ್ಜಿದ್ರೆ ಸಾಕು ಅಣ್ಣ.” ಒಳಗೆ ಕೂಡಿ ಬಿಟ್ಟು ಕಿಡಿ ಹುಟ್ಟಿಸುವ ಆ ಪುಟ್ಟ ಲೋಹದ ತುದಿಗಳನ್ನು ಉಜ್ಜಿದ. ಅವುಗಳ ನಡುವಿನ ಗ್ಯಾಪು ನೋಡಲು ಹ್ಯಾಕ್ಸಾ ಬ್ಲೇಡಿನ ತುಂಡು ತೂರಿಸಿದ. ಪುಸ್ತಕದಲ್ಲಿ ಅರ್ಧ ಮಿಲಿಮೀಟರ್ ಅಂತಿದೆ ಮಾರಾಯ ಅಂದರೆ, “ಪುಸ್ತಕ ಬರೆದವ್ರು ಗಾಡಿ ಸ್ಟಾರ್ಟ್ ಮಾಡಿದ್ದಾರಾ?” ಅಂದ. ಮಾರನೇ ದಿನ ಮತ್ತೆ ಉಜ್ಜಿದ. ಕಂಡೆನ್ಸರ್ ಹೊಸದು ಹಾಕಿ ಉಜ್ಜಿದ, ಕಾಯಿಲ್ ಬದಲಿಸಿ ಉಜ್ಜಿದ, ಕಾಫಿ ಕುಡಿದು ಬಂದು ಇನ್ನೊಂದು ಸಲ ಉಜ್ಜಿದ. ನನ್ನ ಸೊಂಟ ನೋವು ಅಂತ ಹೇಳಲಿಕ್ಕೂ ಹೆದರಿಕೆಯಾಯಿತು. ಕೊನೆಗೆ, “ಪ್ಲಗ್ ವೈರ್ ಹಿಡ್ಕೊಳ್ಳಿ ಅಣ್ಣ, ಕರೆಂಟ್ ಬರುತ್ತಾ ನೋಡೋಣ” ಅಂದ. ಹಿಡಿದುಕೊಂಡೆ! ಪೆಟ್ರೋಲ್ ಟ್ಯಾಂಕ್ ಡ್ರೈವರ್ ಸೀಟಿನ ಕೆಳಗೇ ಇರುವ ಗಾಡಿಯಲ್ಲಿ, ಕಿಡಿ ಬರಲಿ ದೇವರೇ ಅಂತ ವೈರ್ ಹಿಡಿದು ನಿಂತ ಬುದ್ಧಿವಂತ ನಾನು. ಏನೂ ಹೊಡೆಯಲಿಲ್ಲ. ಅವನಿಗೆ ನನಗಿಂತ ಜಾಸ್ತಿ ಬೇಜಾರಾಯಿತು.

ಅಜ್ಜ ಸೆಲ್ಫ್ ಒತ್ತಿದ್ದೇ ನಾನು ನೋಡಿಲ್ಲ. ಮುಂದೆ ಹ್ಯಾಂಡಲ್ ತೂರಿಸಿ, ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಇಟ್ಟು ಒಂದೇ ಎಳೆತ. ಸುತ್ತಿ ಹಿಡಿದರೆ ತಿರುಗಿ ಹೊಡೆದಾಗ ಕೈ ಮುರಿಯುತ್ತದೆ ಅನ್ನುತ್ತಿದ್ದರು. ಮಳೆಗಾಲದಲ್ಲಿ ಆ ಸದ್ದಿಗೇ ನಾವು ಮಕ್ಕಳು ಏಳುತ್ತಿದ್ದೆವು. ಅವರು ಹೋದ ಮೇಲೆ ಆ ಹ್ಯಾಂಡಲಿನಲ್ಲಿ ಬಚ್ಚಲ ಒಲೆ ಕೆದಕುತ್ತಿದ್ದದ್ದು ನೆನಪು. ಆಮೇಲೆ ಎಲ್ಲಿ ಹೋಯಿತೋ.

ಇವತ್ತು ಬೆಳಗ್ಗೆ ಸಿಟ್ಟಿನಲ್ಲಿ ಸೆಲ್ಫ್ ಒತ್ತಿಯೇ ಹಿಡಿದು ಚೋಕ್ ಎಳೆದೆ. ಬೆರಳು ಚುರ್ ಅಂತು. ಚೋಕ್ ವೈರಿನಿಂದ ಹೊಗೆ! ಬೆರಳು ಬಾಯಿಗಿಟ್ಟುಕೊಂಡಾಗ ಬುದ್ಧಿ ಬಂತು. ಇದು ಆರು ವೋಲ್ಟಿನ ಗಾಡಿ, ಸೆಲ್ಫ್ ತಿರುಗಲು ಹನ್ನೆರಡು ವೋಲ್ಟಿನದಕ್ಕಿಂತ ಸುಮಾರು ಎರಡು ಪಟ್ಟು ಕರೆಂಟ್ ಎಳೆಯುತ್ತದೆ. ಅದು ಇಂಜಿನ್ನಿನಿಂದ ಚಾಸಿಗೆ ವಾಪಸ್ ಹೋಗಬೇಕಾದ ಅರ್ಥಿಂಗ್ ಪಟ್ಟಿಯನ್ನು ನಾನು ಹೊಸ ಬಣ್ಣದ ಮೇಲೇ ಬೋಲ್ಟ್ ಮಾಡಿದ್ದೆ. ಬಣ್ಣ ದಾರಿ ಮುಚ್ಚಿದ್ದಕ್ಕೆ ಕರೆಂಟು ಪಾಪ ಇಂಜಿನ್ನಿನಿಂದ ಡ್ಯಾಶ್‌ಬೋರ್ಡಿಗೆ ಬರುವ ಚೋಕ್ ವೈರ್ ಹಿಡಿದು ಹೊರಟಿತ್ತು. ಅಷ್ಟು ದುಡ್ಡು ಸುರಿದು ಹೊಡೆಸಿದ ಬಣ್ಣವನ್ನು ರೂಪಾಯಿ ಅಗಲ ಕೆರೆದು ಪಟ್ಟಿ ಬಿಗಿದೆ. ಒತ್ತಿದೆ. ಒಂದೇ ಸಲಕ್ಕೆ ಗುರ್ ಅಂತು.

ಸದ್ದು ಕೇಳಿ ಮೆಕ್ಯಾನಿಕ್ ಓಡಿ ಬಂದ. “ನಾನು ಹೇಳ್ಲಿಲ್ವಾ ಅಣ್ಣ? ನಿನ್ನೆ ಉಜ್ಜಿದ ಪಾಯಿಂಟು ಈಗ ಸೆಟ್ ಆಯ್ತು. ಮೂರು ದಿನದ್ದು ಸೇರಿಸಿ ಕೊಡಿ.”

ಬಲಗೈ ತಣ್ಣೀರಿನ ಚೊಂಬಿನಲ್ಲಿತ್ತು. ಎಡಗೈಯಲ್ಲೇ ಕೊಟ್ಟೆ.