ನಗದ ಬೆಕ್ಕು, ಅರಿಸಿನದ ನೀರು

“ಬಣ್ಣದ ಚಿತ್ರ ಎಂದೆಯಲ್ಲ, ಬಣ್ಣ ಎಲ್ಲಿದೆ? ಸೋರುವ ಗೋಡೆಗೆ ಒಂದು ಕೈ ಸುಣ್ಣ ಬಳಿದು ಬಿಟ್ಟ ಹಾಗಿದೆ.”

ನಾನು ಅಷ್ಟು ಆಸೆಯಿಂದ ಕಳಿಸಿದ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಎಂಬ ಎಂಟು ನಿಮಿಷದ ಹಳೆಯ ಮೂಕಿ ಚಿತ್ರಕ್ಕೆ ತುಮಕೂರಿನ ಸೋದರಮಾವ ಬರೆದ ಉತ್ತರ ಇದು. ಕೆಳಗೆ ಅತ್ತೆಯದೊಂದು ಸಾಲು: “ನಮ್ಮ ಹುಡುಗರಿಗೆ ಕೊಟ್ಟರೆ ಒಂದೇ ವಾರದಲ್ಲಿ ಚೆನ್ನಾಗಿ ಕಲರ್ ಮಾಡಿಕೊಡುತ್ತಾರೆ.” ಆ ರಾತ್ರಿ ಊಟ ರುಚಿಸಲಿಲ್ಲ ಎಂದರೆ ಉತ್ಪ್ರೇಕ್ಷೆಯಾದೀತು. ಆದರೆ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದು ನಿಜ.

ನಾನಿರುವುದು ಲಂಡನ್ನಿನ ನೈಋತ್ಯಕ್ಕಿರುವ ವಾಲ್ಟನ್-ಆನ್-ಥೇಮ್ಸ್ ಎಂಬ ಊರಿನಲ್ಲಿ. ಇಲ್ಲಿ ಹೆಪ್‌ವರ್ತ್ ವೇ ಎಂದೊಂದು ರಸ್ತೆಯಿದೆ. ಯಾರೋ ಹಳೆಯ ಪುರಸಭಾಧ್ಯಕ್ಷನಿರಬೇಕು ಎಂದುಕೊಂಡು ಹನ್ನೊಂದು ವರ್ಷ ಅದರಲ್ಲೇ ಓಡಾಡಿದ್ದೇನೆ. ಕಳೆದ ಚಳಿಗಾಲದಲ್ಲಿ ಪಕ್ಕದ ಮನೆಯ ನಿವೃತ್ತ ಮೇಷ್ಟರಮ್ಮ ಚಹಾಕ್ಕೆ ಕರೆದರು. ರಸ್ತೆಯ ಮಾತು ಬಂದಿದ್ದೇ ತಡ, ಎದ್ದು ಹೋಗಿ ಟಿವಿಯಲ್ಲಿ ಈ ಚಿತ್ರ ಹಾಕಿದರು. ವಿಚಿತ್ರ ಲೋಕಕ್ಕೆ ಇಳಿದ ಹುಡುಗಿಯೊಬ್ಬಳ ಕಥೆ, ಲೂಯಿಸ್ ಕ್ಯಾರಲ್‌ನ ‘ಆಲಿಸ್ ಇನ್ ವಂಡರ್‌ಲ್ಯಾಂಡ್’, ಪುಸ್ತಕವಾಗಿ ಬಂದದ್ದು 1865ರಲ್ಲಿ. ಅದು ಮೊದಲ ಸಲ ತೆರೆಗೆ ಬಂದದ್ದು 1903ರಲ್ಲಿ, ಇದೇ ಊರಿನಲ್ಲಿ ಸ್ಟುಡಿಯೋ ಇಟ್ಟಿದ್ದ ಸೆಸಿಲ್ ಹೆಪ್‌ವರ್ತ್ ಮತ್ತು ಪರ್ಸಿ ಸ್ಟೋ ಅವರ ಕೈಯಲ್ಲಿ. ಪಕ್ಕದ ಗಿಲ್‌ಫರ್ಡ್‌ನಲ್ಲಿ ಕ್ಯಾರಲ್ ತೀರಿಕೊಂಡು ಆಗಿನ್ನೂ ಐದು ವರ್ಷ. ಮಾಡಿದಾಗ ಅದು ಎಂಟುನೂರು ಅಡಿ ಫಿಲ್ಮಿನ, ಹನ್ನೆರಡು ನಿಮಿಷದ ಚಿತ್ರ. ಅಲ್ಲಿಯವರೆಗೆ ಬ್ರಿಟನ್ನಿನಲ್ಲಿ ಅಷ್ಟು ಉದ್ದದ ಚಿತ್ರವನ್ನು ಯಾರೂ ಮಾಡಿರಲಿಲ್ಲವಂತೆ.

ಚಿತ್ರವೇನೋ ಮನೆಮಂದಿಯ ನಾಟಕದ ಹಾಗಿದೆ. ಆಲಿಸ್ ಆದವಳು ಮೇ ಕ್ಲಾರ್ಕ್, ಹೆಪ್‌ವರ್ತನ ಸ್ಟುಡಿಯೋದಲ್ಲೇ ಕೆಲಸಕ್ಕಿದ್ದ ಹುಡುಗಿ. ಇಸ್ಪೀಟು ರಾಣಿ ಅವನ ಹೆಂಡತಿ, ಕಪ್ಪೆಮೋರೆಯ ಸೇವಕ ಅವನೇ. ಪುಟ್ಟದಾಗಿಬಿಟ್ಟ ಆಲಿಸ್‌ಗೆ ತೋಟದಲ್ಲಿ ಎದುರಾಗುವ ನಾಯಿ ಅವರ ಮನೆಯ ಬ್ಲೇರ್. ಅದಕ್ಕೆ ಇವಳು ಪುಟ್ಟವಳೆಂಬ ಅರಿವಿಲ್ಲ, ಬಾಲವಾಡಿಸುತ್ತಾ ನಿಲ್ಲುತ್ತದೆ. ಪುಸ್ತಕದಲ್ಲಿ ಕಿವಿಯಿಂದ ಕಿವಿಯವರೆಗೆ ನಗುವ ಬೆಕ್ಕಿನ ಜಾಗದಲ್ಲಿ ಪೊದೆಯ ನಡುವೆ ಒಂದು ನಿಜವಾದ ಬೆಕ್ಕು ಕೂತಿದೆ. ನಗುವುದಿರಲಿ, ಸಾಲ ವಸೂಲಿಗೆ ಬಂದವರನ್ನು ನೋಡುವ ಹಾಗೆ ನಮ್ಮನ್ನು ನೋಡುತ್ತದೆ. ಆಮೇಲೆ ಇಸ್ಪೀಟೆಲೆಯ ವೇಷ ತೊಟ್ಟ ಮಕ್ಕಳ ದಂಡು ಸಾಲಾಗಿ ಬರುತ್ತದೆ, ಆಲಿಸ್‌ಳ ಹಿಂದೆ ಬಿದ್ದು ಓಡುತ್ತದೆ. ನಮ್ಮ ಶಾಲಾ ವಾರ್ಷಿಕೋತ್ಸವದಲ್ಲಿ ರಟ್ಟಿನ ಕಿರೀಟ ಕಣ್ಣಿನ ಮೇಲೆ ಜಾರಿದರೂ ಓಡುತ್ತಿದ್ದೆವಲ್ಲ, ಹಾಗೆ.

ಇನ್ನು ಬಣ್ಣ. ಆಗ ಬಣ್ಣ ಹಿಡಿಯುವ ಕ್ಯಾಮೆರಾ ಇನ್ನೂ ಬಳಕೆಗೆ ಬಂದಿರಲಿಲ್ಲ. ಕಪ್ಪು-ಬಿಳುಪಿನ ಪ್ರತಿಯ ತುಣುಕುಗಳನ್ನು ಬಣ್ಣದ ನೀರಿನಲ್ಲಿ ಅದ್ದಿ ಒಣಗಿಸುತ್ತಿದ್ದರು. ಅರಿಸಿನದ ನೀರಿಗೆ ಬಿಳಿ ಪಂಚೆ ಬಿದ್ದ ಹಾಗೆ, ಬಿಳುಪಿದ್ದ ಜಾಗವೆಲ್ಲ ಆ ಬಣ್ಣಕ್ಕೆ ತಿರುಗುತ್ತದೆ, ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ಹುಲ್ಲಿಗೆ ಹಸಿರು, ಲಂಗಕ್ಕೆ ನೀಲಿ ಎಂಬ ಲೆಕ್ಕವಿಲ್ಲ. ಇಡೀ ದೃಶ್ಯಕ್ಕೇ ಒಂದು ಬಣ್ಣದ ಜ್ವರ ಬಂದಂತಿರುತ್ತದೆ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನವರು 2010ರಲ್ಲಿ, ಗೆದ್ದಲು ತಿಂದ ಪಂಚಾಂಗದಂತಿದ್ದ ಒಂದೇ ಒಂದು ಪ್ರತಿಯಿಂದ ಎಂಟು ಚಿಲ್ಲರೆ ನಿಮಿಷಗಳನ್ನು ಉಳಿಸಿಕೊಟ್ಟರು. ಅಂದು ಅದ್ದಿದ ಬಣ್ಣವನ್ನೇ ಮರಳಿ ತಂದರು. ಒಂದು ಹನಿ ಹೆಚ್ಚು ಹಾಕಲಿಲ್ಲ. ಗೀರು, ಕಲೆ, ನಡುವೆ ಮುಖವೇ ಕರಗಿಹೋಗುವ ಜಾಗ, ಎಲ್ಲ ಹಾಗೇ ಇವೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು. ಇವರು ಇದ್ದ ಬಣ್ಣವನ್ನು ಹುಡುಕಿ ತಂದರು. ನಾವು ಇಲ್ಲದ ಬಣ್ಣವನ್ನು ಬಳಿದೆವು. 1965ರ ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ ಬಣ್ಣ ಬಂತು, 1971ರ ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ. ನೆರಳು-ಬೆಳಕಿನಲ್ಲಿ ಮುಖ ಕೆತ್ತಿದ ಆ ಛಾಯಾಗ್ರಾಹಕರು ಯಾವ ಸೀರೆ ಯಾವ ಬಣ್ಣ ಎಂದು ಯೋಚಿಸಿ ಕೆಲಸ ಮಾಡಿದವರಲ್ಲ, ಬೂದಿಯಿಂದ ಬೆಳ್ಳಿಯವರೆಗಿನ ಹತ್ತಾರು ಛಾಯೆಗಳಲ್ಲಿ ಯೋಚಿಸಿದವರು. ಅವರು ಬಿಟ್ಟುಹೋದ ಕಪ್ಪು-ಬಿಳುಪು ಬಡತನವಲ್ಲ ಎಂದು ಮಾವನಿಗೆ ಹೇಗೆ ತಿಳಿಸುವುದು? ಹಳೆಯದು ಹಳೆಯದಾಗಿ ಕಂಡರೆ ನಮಗೆ ಏನೋ ಅವಮಾನ. ನಮ್ಮೂರ ಕಲ್ಲಿನ ಗುಡಿಗೆ ಎಣ್ಣೆ ಬಣ್ಣ ಹೊಡೆಸಿ, ಗರ್ಭಗುಡಿಗೆ ಸ್ನಾನದ ಮನೆಯ ಟೈಲ್ಸ್ ಹಾಕಿಸಿ, ಉದ್ಘಾಟನೆಗೆ ಬಾ ಎಂದು ಕರೆದವರೂ ಇದೇ ಮಾವ.

ಬಣ್ಣ ಬಳಿಯಲಾದರೂ ಕೈಯಲ್ಲಿ ಏನಾದರೂ ಇರಬೇಕಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ನಿರ್ದೇಶಕರು ವೈ.ವಿ. ರಾವ್, ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾವ್. ಇಂದು ಅದರ ಒಂದು ಪ್ರತಿಯೂ ಇಲ್ಲ. ಆಲಿಸ್ ಬಂದು ಮೂವತ್ತೊಂದು ವರ್ಷದ ನಂತರದ ಚಿತ್ರ ಅದು. ನಾಗೇಂದ್ರರಾಯರ ರಾವಣ ಹೇಗೆ ನಕ್ಕನೋ ಯಾರಿಗೂ ಕಾಣುವಂತಿಲ್ಲ. ನಗದ ಬೆಕ್ಕನ್ನು ಮಾತ್ರ ಇವರು ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ಇದನ್ನೆಲ್ಲ ಆವೇಶದಿಂದ ಮೇಷ್ಟರಮ್ಮನಿಗೂ ಹೇಳಿದೆ. ನಿಮ್ಮವರು ಬಲು ಜೋಪಾನದವರು ಎಂದೆ. ಅವರು ನಕ್ಕು, ಹೆಪ್‌ವರ್ತ್ ಆಮೇಲೆ ಏನಾದ ಗೊತ್ತೇ ಎಂದು ಕೇಳಿದರು. 1924ರಲ್ಲಿ ದಿವಾಳಿಯೆದ್ದ. ಆಸ್ತಿ ವಿಲೇವಾರಿಗೆ ಬಂದವರು ಅವನ ಫಿಲ್ಮುಗಳನ್ನು ಅದರಲ್ಲಿದ್ದ ಬೆಳ್ಳಿಗಾಗಿ ಕರಗಿಸಿಬಿಟ್ಟರು. ಕಾಲು ಶತಮಾನದ ದುಡಿಮೆಯಲ್ಲಿ ಹೆಚ್ಚಿನದೆಲ್ಲ ಹಾಗೆ ಹೋಯಿತು. ಅಂದರೆ ಈ ಆಲಿಸ್ ಉಳಿದದ್ದು ಇವರ ಜೋಪಾನದಿಂದಲ್ಲ, ಕರಗಿಸುವವರ ಕೈಗೆ ಸಿಗದ ಒಂದು ಪ್ರತಿಯ ಪುಣ್ಯದಿಂದ.

ನನಗೆ ಥಟ್ಟನೆ ಅಜ್ಜಿಯ ಧಾರೆ ಸೀರೆ ನೆನಪಾಯಿತು. “ಹಳೇ ಜರಿ ಸೀರೆ” ಎಂದು ಕೂಗಿಕೊಂಡು ಬಂದವನಿಗೆ ಅದನ್ನು ಹಾಕಿದ್ದರು. ಅವನು ಸೀರೆಯ ಅಂಚನ್ನು ಕಟ್ಟೆಯ ಮೇಲೆ ಹರವಿ, ಒಂದು ಎಳೆ ಕಿತ್ತು ಕಲ್ಲಿಗೆ ಉಜ್ಜಿ ನೋಡಿದ. ಸುಟ್ಟರೆ ಎಷ್ಟು ಬೆಳ್ಳಿ ಬಂದೀತೆಂದು ಮನಸ್ಸಿನಲ್ಲೇ ತೂಗಿ ಎರಡು ಸ್ಟೀಲ್ ಡಬ್ಬಿ ಕೊಟ್ಟುಹೋದ. ಆ ಡಬ್ಬಿಯಲ್ಲಿ ಮನೆಯವರು ಇಂದಿಗೂ ಹುರಿಗಡಲೆ ಇಡುತ್ತಾರೆ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಲೇಬೇಕು, ಮನಸ್ಸಿಲ್ಲದಿದ್ದರೂ. ನಾನಿಲ್ಲಿ ಮೂಗು ಮುರಿಯುವ ಬಣ್ಣದ ‘ಕಸ್ತೂರಿ ನಿವಾಸ’ಕ್ಕೆ ಮಂಡಿನೋವಿನ ಅಮ್ಮ ಆಟೋ ಮಾಡಿಕೊಂಡು ಹೋಗಿದ್ದರು. ಶಿಳ್ಳೆಯಲ್ಲಿ ಮಾತೇ ಕೇಳಿಸಲಿಲ್ಲ ಎಂದು ಫೋನಿನಲ್ಲಿ ಸಂಭ್ರಮಪಟ್ಟರು. ಬಣ್ಣ ಹೇಗಿತ್ತು ಎಂದು ಕೆದಕಿದೆ. “ಬಣ್ಣ ಎಲ್ಲಿ ನೋಡಿದೆ, ಕಣ್ಣಲ್ಲಿ ನೀರು ತುಂಬಿತ್ತು” ಎಂದರು. ಥೇಮ್ಸ್ ದಂಡೆಯ ಈ ಎಂಟು ನಿಮಿಷಕ್ಕೆ ಇಡೀ ಊರಿನಲ್ಲಿ ಯಾರಾದರೂ ಶಿಳ್ಳೆ ಹೊಡೆದದ್ದನ್ನು ನಾನು ಕೇಳಿಲ್ಲ. ರಸ್ತೆಗೆ ಹೆಸರಿಟ್ಟಿದ್ದಾರೆ, ಅಷ್ಟೇ.

ಮೊನ್ನೆ ಮಾವನಿಂದ ಮತ್ತೆ ಸಂದೇಶ ಬಂತು. ಮೊಮ್ಮಗಳು ಆ ಬೆಕ್ಕನ್ನು ಇನ್ನೊಮ್ಮೆ ತೋರಿಸು ಎಂದು ಹಟ ಹಿಡಿದಿದ್ದಾಳಂತೆ. “ಮೊಬೈಲಿನಲ್ಲಿ ಜಾಗ ಸಾಲದೆ ಅಳಿಸಿಬಿಟ್ಟೆ, ಮತ್ತೊಂದು ಸಲ ಕಳಿಸು” ಎಂದು ಬರೆದಿದ್ದರು. ಕಳಿಸಿದೆ.